ಹೊಲದಲ್ಲಿ ರಿಹಾನಾ, ಅಂಗಡಿಯಲ್ಲಿ ಅಪ್ಪ

ಪಾಪ್ ಗಾಯಕಿಯರ ಉಡುಗೆ ನೋಡಿ ಹೆಣ್ಣುಮಕ್ಕಳು ಹಾಳಾಗುತ್ತಿದ್ದಾರೆ ಎಂದು ಕೊರಗುವ ತಂದೆತಾಯಂದಿರಿಗೆ ಜಗತ್ತಿನಲ್ಲಿ ಬರವಿಲ್ಲ. ಆ ಕೊರಗೆಲ್ಲ ಟಿವಿಯ ಮುಂದೆ, ರಿಮೋಟ್ ಎಲ್ಲಿ ಬಿತ್ತೆಂದು ಸೋಫಾದ ಸಂದಿಯಲ್ಲಿ ತಡಕಾಡುವುದರಲ್ಲೇ ಮುಗಿದುಹೋಗುತ್ತದೆ. ಗಾಯಕಿಯ ಎದುರಿಗೇ ಹೋಗಿ ನಿಂತು, ಇಷ್ಟು ಸಾಕು ನಿಲ್ಲಿಸಮ್ಮ ಎಂದವರು ಈ ಲೇಖಕನಿಗೆ ತಿಳಿದಂತೆ ಒಬ್ಬರೇ. ಅವರು ಹೋದದ್ದು ಟ್ರ್ಯಾಕ್ಟರಿನಲ್ಲಿ.

2011ರ ಸೆಪ್ಟೆಂಬರ್ ಕೊನೆ. ಉತ್ತರ ಐರ್ಲೆಂಡಿನ ಬ್ಯಾಂಗರ್ ಊರಿನ ಬಳಿ ಅಲನ್ ಗ್ರಹಾಂ ಎಂಬ ರೈತರ ಜಮೀನು. ರೈತರಷ್ಟೇ ಅಲ್ಲ, ಸ್ಥಳೀಯ ಕೌನ್ಸಿಲಿನ ಚುನಾಯಿತ ಸದಸ್ಯರು ಕೂಡ. ಪಕ್ಷ, ಅಲ್ಲಿನ ಸಂಪ್ರದಾಯಸ್ಥರ ಡಿಯುಪಿ. ಯಾವುದೋ ಹಾಡಿನ ಚಿತ್ರೀಕರಣಕ್ಕೆ ಹೊಲ ಬೇಕಿತ್ತು ಎಂದು ಫೋನ್ ಬಂತು. ಹೂಂ ಅಂದರು. ಹಾಡುವಾಕೆ ರಿಹಾನಾ. ಆ ಹೊತ್ತಿಗೆ ಭೂಮಿಯ ಮೇಲೆ ಆ ಹೆಸರು ಕೇಳದೆ ಉಳಿದಿದ್ದ ಕೆಲವೇ ಮಂದಿಯಲ್ಲಿ ಗ್ರಹಾಂ ಒಬ್ಬರು. ಚಿತ್ರೀಕರಣ ಮುಂದುವರಿದಂತೆ ಆಕೆಯ ಮೈಮೇಲಿನ ಬಟ್ಟೆ ಹಿಂದೆ ಉಳಿಯುತ್ತಾ ಬಂತು. ಗ್ರಹಾಂ ಟ್ರ್ಯಾಕ್ಟರ್ ಏರಿದರು.

ಇಲ್ಲಿ ಓದುಗರು ಸ್ವಲ್ಪ ನಿಲ್ಲಬೇಕು. ಈ ಲೇಖಕನಂತೂ ವರ್ಷಗಳಿಂದ ಇಲ್ಲೇ ನಿಂತಿದ್ದಾನೆ. ಕೋಪಗೊಂಡ ಮನುಷ್ಯ ನಡೆದು ಬಂದರೆ ಏದುಸಿರಿನಲ್ಲಿ ಘನತೆ ಕಳೆದುಕೊಳ್ಳುತ್ತಾನೆ. ಕಾರಿನಲ್ಲಿ ಬಂದರೆ ಯೋಚನೆಗಿಂತ ಮೊದಲೇ ತಲುಪಿಬಿಡುತ್ತಾನೆ. ಟ್ರ್ಯಾಕ್ಟರ್ ಹಾಗಲ್ಲ. ಫರ್ಲಾಂಗು ದೂರದಿಂದಲೇ ತಾನು ಬರುತ್ತಿದ್ದೇನೆಂದು ಸಾರುತ್ತದೆ. ಎದುರಿನವರಿಗೆ ಮೈ ಮುಚ್ಚಿಕೊಳ್ಳಲು ವ್ಯವಧಾನ, ಬರುವವರಿಗೆ ಮಾತು ಜೋಡಿಸಿಕೊಳ್ಳಲು ವ್ಯವಧಾನ. ಏನೆಂದು ಜೋಡಿಸಿಕೊಂಡಿದ್ದಾರು? ಯಾರೆಂದೇ ಗೊತ್ತಿಲ್ಲದ ಹುಡುಗಿಯನ್ನು ಏನೆಂದು ಕರೆಯುವುದು? 'ಮೇಡಂ' ಎಂದರೆ ಗದರಿಕೆ ಸಪ್ಪೆಯಾಗುತ್ತದೆ, 'ಏ ಹುಡುಗಿ' ಎಂದರೆ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಕ್ಯಾಮೆರಾ ತಂಡವೆಲ್ಲ ಹಾಡು ಬಿಟ್ಟು ಟ್ರ್ಯಾಕ್ಟರನ್ನೇ ನೋಡುತ್ತಿದೆ. ಎಂಜಿನ್ ಆರಿಸದೆ ಮಾತು ಕೇಳಿಸುವುದಿಲ್ಲ. ಆರಿಸಿದರೆ ಹೊತ್ತು ತಂದ ಆವೇಶವೂ ಅದರ ಜೊತೆಗೇ ಆರಿಹೋಗುವ ಭಯ. ಇನ್ನು ಇಳಿಯುವುದು. ಟ್ರ್ಯಾಕ್ಟರಿನಿಂದ ಜನರಿಗೆ ಬೆನ್ನು ತೋರಿಸಿ, ಕಾಲಿನಿಂದ ಮೆಟ್ಟಿಲು ತಡವುತ್ತಾ ಹಿಮ್ಮುಖವಾಗಿಯೇ ಇಳಿಯಬೇಕು. ನೀತಿ ಹೇಳಲು ಬಂದವನಿಗೆ ಅದು ಶೋಭಿಸುವ ಭಂಗಿಯಲ್ಲ. ನಮ್ಮ ಕಡೆಯ ಅಪ್ಪನಾಗಿದ್ದರೆ ಆ ದೇಶದ ಗಾಳಿಗೆ ನೀತಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. "ಶೀತ ಆಗತ್ತೆ, ಸ್ವೆಟರ್ ಹಾಕ್ಕೊ" ಎಂದು ಮುಗಿಸುತ್ತಿದ್ದ.

ಗ್ರಹಾಂ ಅದಕ್ಕಿಂತ ನೇರ. ಇದು ಸರಿಯಲ್ಲ, ನಿಲ್ಲಿಸಿ ಎಂದು ಕೇಳಿಕೊಂಡರು. ನಿಲ್ಲಿಸಿದರು. ರಿಹಾನಾ ಅವರ ಜೊತೆ ಮಾತಾಡಿದಳು, ಇಬ್ಬರೂ ಕೈಕುಲುಕಿ ಮನಸ್ತಾಪವಿಲ್ಲದೆ ಬೀಳ್ಕೊಂಡರು. ಒಂಬತ್ತು ವರ್ಷ ಕಳೆದ ಮೇಲೆ, 2021ರ ಫೆಬ್ರುವರಿಯಲ್ಲಿ, ದೆಹಲಿ ಗಡಿಯಲ್ಲಿ ಕುಳಿತ ರೈತರ ಬಗ್ಗೆ ಒಂದು ಸಾಲು ಟ್ವೀಟ್ ಮಾಡಿ ನಮ್ಮ ವಿದೇಶಾಂಗ ಸಚಿವಾಲಯದಿಂದ ಹೇಳಿಕೆ ಹೊರಡಿಸಿದವಳು ಇದೇ ರಿಹಾನಾ. ಟ್ರ್ಯಾಕ್ಟರ್ ಏರಿದ ರೈತನನ್ನು ಹಗುರವಾಗಿ ಕಾಣಬಾರದೆಂದು ಆಕೆ ಬ್ಯಾಂಗರಿನಲ್ಲೇ ಕಲಿತಿರಬೇಕು.

2011ರಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದ ಈ ಲೇಖಕ, ಹತ್ತು ವರ್ಷದ ಮಗಳ ಅಪ್ಪ, ಟ್ರ್ಯಾಕ್ಟರಿನ ಸುದ್ದಿ ಓದಿ ತಾನೇ ಸ್ಟೀರಿಂಗ್ ಹಿಡಿದವನಂತೆ ಉಬ್ಬಿದ. ರಾತ್ರಿ ಚಪಾತಿ ಹರಿಯುತ್ತಾ ಮಗಳಿಗೆ ಇಡೀ ಪ್ರಸಂಗವನ್ನು ಅಭಿನಯಿಸಿ ತೋರಿಸಿದ. ಎಂಜಿನ್ ಸದ್ದೂ ಬಾಯಿಂದಲೇ ಬಂತು. ಮಗಳು ಕಣ್ಣರಳಿಸಿ ಕೇಳಿದಳು: "ಹಾಗಾದ್ರೆ ಆ ವಿಡಿಯೊ ಬರಲ್ವಾ?" ದನಿಯಲ್ಲಿ ನಿಜವಾದ ಆತಂಕವಿತ್ತು. ಬಂತು. ಆ ಹಾಡು, 'ವಿ ಫೌಂಡ್ ಲವ್', ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿ ಹತ್ತು ವಾರ ಕೂತಿತು, ವಿಡಿಯೊಗೆ 2013ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಸಿಕ್ಕಿತು. ಅಪ್ಪ ಅಷ್ಟು ಚೆನ್ನಾಗಿ ವರ್ಣಿಸದೇ ಇದ್ದಿದ್ದರೆ ಆ ಹಾಡೊಂದು ಇದೆಯೆಂಬುದೇ ಮಗಳಿಗೆ ಅಷ್ಟು ಬೇಗ ತಿಳಿಯುತ್ತಿರಲಿಲ್ಲ ಎಂದು ಮನೆಯ ಯಜಮಾನಿತಿ ಇವತ್ತಿಗೂ ಹೇಳುತ್ತಾಳೆ.

ಅಪ್ಪ ಸುಮ್ಮನಾಗಲಿಲ್ಲ. ಎಲ್ಲ ಗಾಯಕಿಯರ ಜಾತಕ ಬಿಡಿಸಿ ಮಗಳ ಮುಂದಿಡುವುದೆಂದು ಫೈಲು ತೆರೆದ. ಮೊದಲ ಆರೋಪಿ, ಸ್ಪೈಸ್ ಗರ್ಲ್ಸ್ ತಂಡದ ಜೆರಿ ಹ್ಯಾಲಿವೆಲ್. 1997ರ ಬ್ರಿಟ್ ಪ್ರಶಸ್ತಿ ಸಮಾರಂಭಕ್ಕೆ ಆಕೆ ತೊಟ್ಟ ಬ್ರಿಟನ್ನಿನ ಬಾವುಟದ ಗಿಡ್ಡ ಉಡುಪು ಒಂದು ತಲೆಮಾರಿನ ಹುಡುಗಿಯರ ನಿದ್ದೆ ಕೆಡಿಸಿತು. ವಿಚಾರಿಸಿದರೆ, ಆ ಬಾವುಟ ಅಸಲಿಗೆ ಪಾತ್ರೆ ಒರೆಸುವ ಬಟ್ಟೆ. ಗುಚ್ಚಿ ಕಂಪನಿಯ ಕಪ್ಪು ಉಡುಪಿನ ಮೇಲೆ ಅದನ್ನು ಹೊಲಿದು ಕೂಡಿಸಿದವಳು ಆಕೆಯ ಸೋದರಿ. ಮರುವರ್ಷ ಸೋದಬೀಸ್ ಹರಾಜಿನಲ್ಲಿ ಅದು 41,320 ಪೌಂಡಿಗೆ ಹೋಯಿತು. ಈ ವಿಷಯ ತಿಳಿದ ಮೇಲೆ ಲೇಖಕನಿಗೆ ನೈತಿಕ ಸಿಟ್ಟು ಇಳಿದು, ಮನೆಯ ಒರೆಸುವ ಬಟ್ಟೆಗಳ ಮೇಲೆ ಗೌರವ ಹುಟ್ಟಿತು.

ಎರಡನೆಯ ಪ್ರಕರಣ ಇನ್ನೂ ಸೊಗಸು. ಹುಡುಗ ಹುಡುಗಿಯರ ಫ್ಯಾಷನ್ ಹುಚ್ಚು ಬಿಡಿಸಲು ಸಮವಸ್ತ್ರವೇ ಮದ್ದು ಎಂದು ನಂಬಿದವರು ಅಮೆರಿಕದಲ್ಲೂ ಇದ್ದರು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ 1994ರಲ್ಲಿ ತನ್ನ ಪ್ರಾಥಮಿಕ, ಮಾಧ್ಯಮಿಕ ಶಾಲೆಗಳಿಗೆ ಅದನ್ನು ಕಡ್ಡಾಯ ಮಾಡಿತು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಸಂಸತ್ತಿನ ಮುಂದಿನ ವಾರ್ಷಿಕ ಭಾಷಣದಲ್ಲೇ ಸಮವಸ್ತ್ರದ ಪರ ಮಾತಾಡಿದರು. ಎರಡೇ ವರ್ಷ. 1998ರಲ್ಲಿ, ಲಾಂಗ್ ಬೀಚ್ ಇರುವ ಅದೇ ಲಾಸ್ ಏಂಜಲೀಸ್ ಸೀಮೆಯ ವೆನಿಸ್ ಹೈಸ್ಕೂಲಿನಲ್ಲಿ ಹದಿನಾರರ ಬ್ರಿಟ್ನಿ ಸ್ಪಿಯರ್ಸ್ ತನ್ನ ಹಾಡಿನ ವಿಡಿಯೊಗೆ ಸಮವಸ್ತ್ರ ತೊಟ್ಟೇ ಕುಣಿದಳು. ಬಿಳಿ ಶರ್ಟು, ಲಂಗ, ಎರಡು ಜಡೆ. ನಮ್ಮೂರ ಸರ್ಕಾರಿ ಶಾಲೆಯ ಹೆಡ್‌ಮೇಡಂ ಕೂಡ ಜಡೆ ನೋಡಿ ಮೆಚ್ಚುತ್ತಿದ್ದರು, ಶರ್ಟಿನ ತುದಿಗಳನ್ನು ಹೊಟ್ಟೆಯ ಮೇಲೆ ಗಂಟು ಹಾಕಿದ್ದು ಕಣ್ಣಿಗೆ ಬೀಳುವ ತನಕ. ಶಾಲೆಯ ಐಡಿಯಾ ಹುಡುಗಿಯದೇ. ಬಟ್ಟೆಯೆಲ್ಲ ಕೆಮಾರ್ಟ್ ಎಂಬ ಅಗ್ಗದ ಅಂಗಡಿಯಿಂದ ತಂದದ್ದೆಂದು ನಿರ್ದೇಶಕ ನೈಜೆಲ್ ಡಿಕ್ ಹೇಳಿದ್ದಾರೆ. ಅಂದರೆ 'ದುಬಾರಿ, ಬೇಡ' ಎಂಬ ಅಮ್ಮಂದಿರ ಕೊನೆಯ ಅಸ್ತ್ರವೂ ಹೋಯಿತು.

ಮಡೋನಾ, ಮೈಲಿ ಸೈರಸ್ ಇವರ ಪುಟಗಳನ್ನು ಇಲ್ಲಿ ಹಾರಿಸಲಾಗಿದೆ, ಓದುಗರಿಗೆ ಗೊತ್ತಿರುವುದೇ.

ಆದರೆ 2010ರ ಡಿಸೆಂಬರ್ ಪ್ರಸಂಗ ಹಾರಿಸುವಂತಿಲ್ಲ, ಏಕೆಂದರೆ ಅಲ್ಲಿ ಲೇಖಕನಿಗೆ ನಗು ನಿಂತು ಸಿಟ್ಟು ಬಂತು. ಬ್ರಿಟನ್ನಿನ ಟಿವಿ ಹಾಡಿನ ಸ್ಪರ್ಧೆ 'ಎಕ್ಸ್ ಫ್ಯಾಕ್ಟರ್'ನ ಫೈನಲ್. ಮಕ್ಕಳೂ ಮುದುಕರೂ ಒಟ್ಟಿಗೆ ಕೂತು ನೋಡುವ ಹೊತ್ತಿನಲ್ಲಿ ರಿಹಾನಾ, ಕ್ರಿಸ್ಟಿನಾ ಅಗಿಲೆರಾ ಹಾಡಿದರು. ಉಡುಗೆ, ಕುಣಿತ ಅತಿಯಾಯಿತೆಂದು ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ಗೆ 2,868 ದೂರುಗಳು ಬಂದವು. ಆಫ್‌ಕಾಮ್ ವಿಚಾರಣೆ ನಡೆಸಿ, ನಿಯಮ ಮುರಿದಿಲ್ಲ, ಆದರೆ ಅಂಚಿನ ತನಕ ಬಂದಿದೆ ಎಂದಿತು. ಜೊತೆಗೆ ಇನ್ನೊಂದು ಮಾತು ಹೇಳಿತು. ಸುಮಾರು 2,000 ದೂರುಗಳು ಬಂದದ್ದು 'ಡೈಲಿ ಮೇಲ್' ಪತ್ರಿಕೆಯ ವರದಿಯ ನಂತರ; ಮತ್ತು ಆ ಪತ್ರಿಕೆ ಛಾಪಿಸಿದ ಚಿತ್ರಗಳು ಟಿವಿಯಲ್ಲಿ ಕಂಡದ್ದಕ್ಕಿಂತ ಹೆಚ್ಚು ಹತ್ತಿರದವು, ಹೆಚ್ಚು ಬಿಚ್ಚಿದವು! ಛೀ ಎಂದು ಬರೆಯುವವರೇ ಚಿತ್ರ ದೊಡ್ಡದು ಮಾಡಿ ಹಾಕುವ ಈ ಕಲೆ ನಮ್ಮ ವಾಹಿನಿಗಳಿಗೆ ಹೊಸತಲ್ಲ. ಮಗುವಿನ ಹಿತ ಹೇಳಿ ಕಾಸು ಮಾಡುವ ಈ ದೊಡ್ಡವರ ಪಕ್ಕದಲ್ಲಿ ಗಾಯಕಿ ಎಷ್ಟೋ ವಾಸಿ. ಆಕೆ ಯಾರಿಗೂ ಬುದ್ಧಿ ಹೇಳಲು ಬಂದವಳಲ್ಲ.

ಫೈಲಿನ ಕೊನೆಯ ಹಾಳೆಗಳಲ್ಲಿ ಗಾಯಕಿಯರೇ ಇಲ್ಲ. 2002ರಲ್ಲಿ ಅಮೆರಿಕದ ಅಬರ್‌ಕ್ರೋಂಬಿ ಕಂಪನಿ ಮಕ್ಕಳ ವಿಭಾಗದಲ್ಲಿ ಥಾಂಗ್ ಒಳಉಡುಪು ಮಾರಿತು, ಅದರ ಮೇಲೆ ಚಪಲದ ಮಾತುಗಳನ್ನು ಅಚ್ಚು ಹಾಕಿ. 2010ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಪ್ರೈಮಾರ್ಕ್ ಮಳಿಗೆಗಳಲ್ಲಿ ಏಳು ವರ್ಷದ ಹುಡುಗಿಯರ ಅಳತೆಗೆ, ಎದೆಭಾಗಕ್ಕೆ ಪ್ಯಾಡ್ ಇಟ್ಟ ಬಿಕಿನಿ ತೂಗುಬಿದ್ದಿತ್ತು. ಗಲಾಟೆಯಾದ ಮೇಲೆ ಹಿಂತೆಗೆದು ಕ್ಷಮೆ ಕೇಳಿದರು, ಬಂದ ಲಾಭವನ್ನು ಮಕ್ಕಳ ದತ್ತಿಗೆ ಕೊಡುತ್ತೇವೆಂದರು. ಏಳು ವರ್ಷ ಎಂದರೆ ಮುಂದಿನ ಹಲ್ಲು ಬಿದ್ದ ವಯಸ್ಸು. ಅದಕ್ಕೆ ಪ್ಯಾಡ್ ಬೇಕೆಂದು ಹೇಳಿದವಳು ಯಾವ ಗಾಯಕಿ? ಯಾರೂ ಅಲ್ಲ. ಒಂದು ಕಚೇರಿಯಲ್ಲಿ ಮೇಜಿನ ಸುತ್ತ ಕೂತು, ಅಳತೆ ಪಟ್ಟಿ ನೋಡಿ, ದರ ಗೊತ್ತುಮಾಡಿ, ಸಾವಿರಗಟ್ಟಲೆ ಹೊಲಿಸಿದ ಸಂಬಳಸ್ಥರು ಅವರು. ಅವರಲ್ಲೂ ಹೆಣ್ಣುಮಕ್ಕಳ ಅಪ್ಪಂದಿರು ಇದ್ದಿರಲೇಬೇಕು.

ಲೇಖಕನ ಅತ್ತೆಯಂದಿರು ಹಾಸನದಲ್ಲಿ ಮಿನುಗುತಾರೆ ಕಲ್ಪನಾ ತೊಟ್ಟಂಥ ರವಿಕೆಯೇ ಬೇಕೆಂದು ಹಟ ಹಿಡಿದ ಕಾಲದಲ್ಲಿ ಅಜ್ಜಿ ಬೈಯುತ್ತಿರಲಿಲ್ಲ. ಟೈಲರ್ ಹತ್ತಿರ ಹೋಗಿ, "ಕತ್ತು ಎರಡು ಇಂಚು ಮೇಲಕ್ಕೆ ಇಡಪ್ಪ, ಅವಕ್ಕೆ ಹೇಳ್ಬೇಡ" ಎಂದು ಬರುತ್ತಿದ್ದಳು. ನಟಿಗೂ ಹುಡುಗಿಗೂ ನಡುವೆ ಮಾತು ಕೇಳುವ ಒಬ್ಬ ಟೈಲರ್ ಇದ್ದ. ರೆಡಿಮೇಡ್ ಅಂಗಡಿಯಲ್ಲಿ ಅಪ್ಪ ಯಾರ ಕಿವಿ ಹುಡುಕಬೇಕು?

ಈ ಪ್ರಶ್ನೆಯನ್ನು ಬ್ರಿಟನ್ ಸರ್ಕಾರವೂ ಕೇಳಿಕೊಂಡಿತು. ತಾಯಂದಿರ ಸಂಘಟನೆಯಾದ ಮದರ್ಸ್ ಯೂನಿಯನ್‌ನ ಮುಖ್ಯಸ್ಥರಾಗಿದ್ದ ರೆಗ್ ಬೈಲಿ 2011ರ ಜೂನ್‌ನಲ್ಲಿ ಅದಕ್ಕೊಂದು ವರದಿ ಕೊಟ್ಟರು. ತಾಯಂದಿರ ಸಂಘಕ್ಕೆ ಗಂಡಸು ಮುಖ್ಯಸ್ಥ ಎಂಬುದು ಲೇಖಕನಿಗೆ ಧೈರ್ಯ ಕೊಟ್ಟ ಸಂಗತಿ. ಆಗಲೇ ಬ್ರಿಟನ್ನಿನ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟವೂ ಮಕ್ಕಳ ಬಟ್ಟೆಗೆ ಮಾರ್ಗಸೂಚಿ ಹೊರಡಿಸಿತು: ಥಾಂಗ್ ಬೇಡ, ಮೊದಲ ಬ್ರಾ ಆಸರೆಗಷ್ಟೇ ಹೊರತು ಉಬ್ಬಿಸಲು ಅಲ್ಲ. ಟೆಸ್ಕೊ, ಆಸ್ಡಾ, ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನಂಥವರು ಒಪ್ಪಿದರು. ಅಕ್ಟೋಬರ್‌ನಲ್ಲಿ ಟಿವಿ, ಸಿನಿಮಾ, ಜಾಹೀರಾತು, ಪತ್ರಿಕೆ ಎಲ್ಲದರ ನಿಯಂತ್ರಕರೂ ಸೇರಿ ಪೇರೆಂಟ್‌ಪೋರ್ಟ್ ಎಂಬ ಒಂದೇ ದೂರುಕಿಂಡಿ ತೆರೆದರು.

ಬಟ್ಟೆಯ ಮಾರ್ಗಸೂಚಿ ಮಾತ್ರ ವ್ಯಾಪಾರಿಗಳ ಇಚ್ಛೆಗೆ ಬಿಟ್ಟದ್ದು. ಮುರಿದವರಿಗೆ ದಂಡ ಹಾಕುವ ನಿಯಂತ್ರಕರಿಲ್ಲ. ಆ ದೂರು ಹೋಗಬೇಕಾದದ್ದು ಅಂಗಡಿಯ ಮ್ಯಾನೇಜರ್ ಬಳಿಗೆ. ಹೋಗುವ ಅಪ್ಪಂದಿರು ಬಟ್ಟೆಯ ಜೊತೆ ಬಿಲ್ಲನ್ನೂ ಒಯ್ಯಿರಿ. ಬಿಲ್ಲಿಲ್ಲದೆ ವಾಪಸು ತೆಗೆದುಕೊಳ್ಳುವುದಿಲ್ಲ.