ಕೊರಡಿನ ಮೇಲಣ ನೀಲಿಮೆ

ಕೊಡೆ ಬಿಚ್ಚಿ ನಿಂತ ಅಣಬೆಯನ್ನು ನೋಡಿ, ಇದು ಸಾರಿಗೆ ಬರುವುದು, ಇದು ಸ್ಮಶಾನಕ್ಕೆ ಕರೆದೊಯ್ಯುವುದು ಎಂದು ನಿರ್ಣಯಿಸಬಲ್ಲವರು ಸಾಗರದ ಸೀಮೆಯಲ್ಲಿ ಕೇರಿಗೊಬ್ಬರಾದರೂ ಇದ್ದಾರೆ. ಆದರೆ ಕೊಡೆಯಿಲ್ಲದೆ, ಕಾಲಿಲ್ಲದೆ, ಯಾರೋ ಅರೆಮನಸ್ಸಿನಿಂದ ಬಳಿದುಹೋದ ಸುಣ್ಣದಂತೆ ಬಿದ್ದ ಕೊಂಬೆಯ ಅಡಿಮೈಗೆ ಅಂಟಿಕೊಂಡು, ತಾನೊಂದು ಜೀವಿಯೆಂಬ ಗುಟ್ಟನ್ನು ಯಾರಿಗೂ ಬಿಟ್ಟುಕೊಡದೆ ಆ ಕೊಂಬೆಯನ್ನೇ ಮೆಲ್ಲಮೆಲ್ಲನೆ ಉಂಡು ಮುಗಿಸುವ ಶಿಲೀಂಧ್ರಗಳ ಕುಲಗೋತ್ರಗಳನ್ನು ವಿಚಾರಿಸಲು ಹೊರಟವನು ಈ ಸೀಮೆಯಲ್ಲಿ ನಾನೊಬ್ಬನೇ ಎಂದು ತೋರುತ್ತದೆ. ಇವುಗಳಿಗೆ ನಮ್ಮ ಕಡೆ ಬೂಷ್ಟು ಎಂಬುದರ ಹೊರತು ಬೇರೆ ಹೆಸರನ್ನು ನಾನು ಕೇಳಿಲ್ಲವಾದುದರಿಂದ, ಗಾಯದ ಮೇಲಣ ಹಕ್ಕಳೆಯನ್ನು ನೆನೆದು, ಹಕ್ಕಳೆಯಣಬೆಗಳೆಂದು ನಾನೇ ನಾಮಕರಣ ಮಾಡಿದೆನು.

ಕನ್ನಡ ಪಂಡಿತನಾಗಿ ನಿವೃತ್ತನಾದವನಿಗೆ ಈ ಹುಚ್ಚು ಹತ್ತಿದ್ದು ಒಂದು ಶಬ್ದದ ದೆಸೆಯಿಂದ. ಮೈಸೂರು ಸೀಮೆಯ ಕಾಫಿಗಿಡದ ಎಲೆಗಳನ್ನು ಕೊಳೆಯಿಸಿ, ಸತ್ತ ಎಲೆಯನ್ನು ನೆಲಕ್ಕೆ ಬೀಳಗೊಡದೆ ತನ್ನ ಎಳೆಗಳಿಂದಲೇ ರೆಂಬೆಗೆ ತೂಗುಹಾಕುವ ಒಂದು ಶಿಲೀಂಧ್ರಕ್ಕೆ ಆಂಗ್ಲ ವಿದ್ವಾಂಸ ಕುಕ್ 1876ರಲ್ಲಿ ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟನು. ನಮ್ಮ ತೋಟದ ಮಾತೊಂದು ಮೈಮೇಲಿನ ಕಂಬಳಿಯನ್ನೂ ತೆಗೆಯದೆ ಲ್ಯಾಟಿನ್ ಪಂಡಿತರ ಸಭೆಯಲ್ಲಿ ಹೋಗಿ ಕುಳಿತುಬಿಟ್ಟಿತು! ಮುಂದೆ ಅದನ್ನು ಹಕ್ಕಳೆಯಣಬೆಗಳ ಮೂಲಮನೆಯೆನ್ನಬಹುದಾದ ಕಾರ್ಟಿಸಿಯಮ್ ಕುಲಕ್ಕೆ ಸೇರಿಸಿದರು. 1958ರಲ್ಲಿ ಡಾಂಕ್ ಎಂಬ ಡಚ್ ವಿದ್ವಾಂಸನು ‘ಕೊಳೆರೋಗ’ವೆಂಬುದನ್ನೇ ಕುಲನಾಮವಾಗಿ ಮೇಲಕ್ಕೇರಿಸಿದನು. ಮನುಷ್ಯರಲ್ಲಿ ಎಷ್ಟು ಜನಕ್ಕೆ ತಮ್ಮ ಹೆಸರು ಮನೆತನದ ಹೆಸರಾಗುವ ಯೋಗವಿದೆ? ಅಭಿಮಾನದಿಂದ ಬೀಗಿದ ನಾನು, ಇಂತಹ ಬಂಧುವರ್ಗವನ್ನು ಹಿತ್ತಿಲಲ್ಲಿಟ್ಟುಕೊಂಡು ಮಾತನಾಡಿಸದಿರುವುದು ಅವಿನಯವೆಂದು ಭಾವಿಸಿ, ಭೂತಗನ್ನಡಿಯನ್ನೂ ಚಾಕುವನ್ನೂ ಹಿಡಿದು ಹೊರಟೆನು.

ಮಾತನಾಡಿಸುವುದೇನೋ ಸುಲಭ, ಅವು ಉತ್ತರ ಕೊಡಬೇಕಲ್ಲ! ಒದ್ದೆಯಿದ್ದಾಗ ಒಂದು ಬಣ್ಣ, ಒಣಗಿದಾಗ ಇನ್ನೊಂದು. ಕೊಂಬೆ ಅಗಲವಾಗಿದ್ದರೆ ಅಗಲ, ಸಪೂರವಾಗಿದ್ದರೆ ಸಪೂರ. ಸ್ಟೀರಿಯಮ್ ಕುಲದ ಕೆಲವು ಪ್ರಭೇದಗಳನ್ನು ಹಸಿಯಿರುವಾಗ ಗೀರಿದರೆ ನೆತ್ತರಿನಂತೆ ಕೆಂಪಾಗುವುವೆಂದು ಓದಿದ್ದೆನಾದುದರಿಂದ, ಜಡಿಮಳೆಯ ನಡುವೆ ಕೊಪ್ಪೆ ಹೊದ್ದು ಕುಳಿತು, ಸಿಕ್ಕಸಿಕ್ಕ ಕೊರಡುಗಳನ್ನೆಲ್ಲ ಉಗುರಿನಿಂದ ಗೀರಿ, ಕೆಂಪು ಮೂಡುವುದನ್ನೇ ಕಾಯುತ್ತಿದ್ದೆನು. ಒಂದು ಅಪರಾಹ್ಣ ರಕ್ತವು ಕಂಡದ್ದೂ ನಿಜ. ಆದರೆ ಅದು ಇಂಬಳ ಹತ್ತಿದ ನನ್ನ ಕಣಕಾಲಿನಿಂದ ಇಳಿದು ಬಂದದ್ದಾಗಿತ್ತು.

ಜಯವೇ ದೊರೆಯಲಿಲ್ಲವೆಂದಲ್ಲ. ಹೈಮೆನೋಕೀಟೆ ಎಂಬ ಕಂದುಬಣ್ಣದ ಕುಲವೊಂದಿದೆ. ಅದರ ಮೇಲೆ ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನ ಒಂದು ತೊಟ್ಟು ಬಿಟ್ಟರೆ ಆ ಕಂದು ಕಪ್ಪಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುಳ್ಳಿನಂತಹ ಚೂಪಾದ ಕಣಗಳೂ ಕಾಣುತ್ತವೆ. ಪರೀಕ್ಷೆಯಲ್ಲಿ ಅದು ಕಪ್ಪಾದ ದಿನ ನಾನು ಅನುಭವಿಸಿದ ಆನಂದವನ್ನು ಮೂವತ್ತು ವರ್ಷ ಛಂದಸ್ಸನ್ನು ಬೋಧಿಸಿಯೂ ಕಂಡಿರಲಿಲ್ಲ. ಆ ಉತ್ಸಾಹದಲ್ಲಿ ಒಂದು ತೊಟ್ಟು ಊಟದ ಮಣೆಯ ಮೇಲೂ ಬಿದ್ದು ಕಲೆಯಾಯಿತೆಂಬುದನ್ನು ನನ್ನ ಶ್ರೀಮತಿ ಇಂದಿಗೂ ಮರೆತಿಲ್ಲ.

ಆಕೆಗೂ ಒಂದು ವರ್ಗೀಕರಣವಿದೆ. ಕೆಲವು ಶಿಲೀಂಧ್ರಗಳು ಮರದ ಲಿಗ್ನಿನ್ನನ್ನೂ ಜೀರ್ಣಿಸಿಕೊಂಡು ಅದನ್ನು ಬೆಳ್ಳಗೆ ನಾರುನಾರಾಗಿಸುತ್ತವೆಂದೂ, ಇನ್ನು ಕೆಲವು ಸೆಲ್ಯುಲೋಸನ್ನು ಮಾತ್ರ ಸವಿದು, ಲಿಗ್ನಿನ್ನನ್ನು ಎಂಜಲೆಲೆಯ ಕರಿಬೇವಿನಂತೆ ಬದಿಗೊತ್ತಿ, ಚೌಕಚೌಕವಾಗಿ ಬಿರಿದ ಕಂದು ಕೊರಡನ್ನು ಉಳಿಸಿಹೋಗುತ್ತವೆಂದೂ ನಾನು ಬಚ್ಚಲೊಲೆಯ ಮುಂದೆ ನಿಂತು ಸವಿಸ್ತಾರವಾಗಿ ವಿವರಿಸಿದಾಗ, ಆಕೆ ಎರಡನ್ನೂ ಕೈಯಲ್ಲಿ ತೂಗಿ ನೋಡಿ, “ಎರಡರಲ್ಲೂ ಹಂಡೆ ಕಾಯುವುದಿಲ್ಲ. ಹೊರುವುದೇ ಆದರೆ ಗಟ್ಟಿ ಸೌದೆಯನ್ನಾದರೂ ಹೊತ್ತು ತರಬಾರದೇನೂಂದ್ರೆ?” ಎಂದಳು.

ಹೀಗಿರಲು ಆ ನೀಲಿಯು ಕಂಡಿತು. ಈ ಪಂಗಡದಲ್ಲೆಲ್ಲ ಸೌಂದರ್ಯಕ್ಕೆ ಹೆಸರಾದುದು ತೆರಾನಾ ಸೆರೂಲಿಯಾ: ಮಕಮಲ್ಲಿನಂತಹ ಗಾಢ ನೀಲಿ, ಎಳೆಯದಾದರೆ ಅಂಚಿನಲ್ಲಿ ತಿಳಿಬಣ್ಣ, ವಾಸವು ಬಿದ್ದ ಕೊಂಬೆಗಳ ಅಡಿಮೈಯಲ್ಲಿ. ತೋಟದಂಚಿನ ಹಲಸಿನ ಮರದಿಂದ ಮುರಿದುಬಿದ್ದ ಕೊಂಬೆಯೊಂದರ ಮೇಲೆ ನೀಲಿಯ ಹಕ್ಕಳೆಯನ್ನೂ, ಅಂಚಿನಲ್ಲಿ ಬಿಳಿಯನ್ನೂ ಕಂಡಾಗ ನನ್ನ ಎದೆಯು ಹಾರಿತು. ಅದು ಅಡಿಮೈಯಲ್ಲಿರದೆ ಆಕಾಶಕ್ಕೆ ಮುಖಮಾಡಿತ್ತೆಂಬುದನ್ನೂ, ಗಾಢವಲ್ಲದೆ ಒಗೆದ ಸೀರೆಯಂತೆ ಪೇಲವವಾಗಿತ್ತೆಂಬುದನ್ನೂ, ಮುಟ್ಟಿದರೆ ಮಕಮಲ್ಲಲ್ಲ, ಹುಡಿಯೆಂಬುದನ್ನೂ ನಾನು ಗಮನಿಸಲಿಲ್ಲವೆಂದಲ್ಲ, ಗಮನಿಸಿ ಕ್ಷಮಿಸಿದೆನು. ಪ್ರದೇಶಭೇದವೆಂಬುದೊಂದು ಇದ್ದೇ ಇದೆಯಲ್ಲ! ಎರವಲು ತಂದ ಸೂಕ್ಷ್ಮದರ್ಶಕದಲ್ಲಿ ಒಂದೂವರೆ ಗಂಟೆ ಕಣ್ಣಿಟ್ಟು, ಎಳೆಯೊಂದೂ ಕಾಣದೆ ಬರಿಯ ಕಣಗಳೇ ಕಂಡಾಗ, ಅವೆಲ್ಲವೂ ಬೀಜಕಗಳೆಂದು ನಿಶ್ಚಯಿಸಿ, ಇಷ್ಟೊಂದು ಸಂತಾನಸಮೃದ್ಧಿಯುಳ್ಳ ತೆರಾನಾ ಅಪೂರ್ವವೆಂದು ಪುಟವೊಂದನ್ನು ಬರೆದೂ ಮುಗಿಸಿದೆನು.

ಅಡಿಕೆ ಮರವೇರಿ ಔಷಧಿ ಹೊಡೆಯುವ ಕೊನೆಗೌಡನು ಕೂಲಿಯ ಲೆಕ್ಕಕ್ಕೆಂದು ಬಂದವನು, ಜಗಲಿಯ ಮೇಲೆ ಬಾಳೆಯೆಲೆ ಹಾಸಿ ಮಲಗಿಸಿದ್ದ ಆ ಕೊಂಬೆಯನ್ನು ಬಗ್ಗಿ ನೋಡಿದನು.

“ಇದೇನು ಮೇಷ್ಟ್ರೆ, ಇದಕ್ಕೇನು ಕಾಯ್ಲೆ?”

“ಅದೊಂದು ಅಪರೂಪದ ಅಣಬೆಯಪ್ಪಾ.”

“ಅಣಬೆ ಎಲ್ಲಿಂದ ಬಂತು ಮೇಷ್ಟ್ರೆ! ಹೋದ ವಾರ ನಾನೇ ಹೊಡ್ದಿದ್ದಲ್ವಾ? ಗಾಳಿ ತಿರುಗಿ ಹಲಸಿನ ಮರಕ್ಕೆಲ್ಲ ಸಿಡಿದಿತ್ತು.”

ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಬೋರ್ಡೋ ದ್ರಾವಣ! ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಸುವ ಮದ್ದು. (ಕಾಫಿಯ ಕೊಳೆರೋಗಕ್ಕೂ ಅಡಿಕೆಯದಕ್ಕೂ ಹೆಸರಿನ ಹೊರತು ನೆಂಟಸ್ತಿಕೆಯಿಲ್ಲ, ಅಡಿಕೆಯದನ್ನು ತರುವ ಫೈಟಾಫ್ತೋರವನ್ನು ಈಗಿನವರು ಶಿಲೀಂಧ್ರಗಳ ಪಂಕ್ತಿಯಿಂದಲೇ ಎಬ್ಬಿಸಿದ್ದಾರೆ.) ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಬದಿಯ ಬಳ್ಳಿಗಳಿಗೆ ಇದನ್ನು ಎರಚುತ್ತಿದ್ದರಂತೆ, ಆ ಬಳ್ಳಿಗಳಿಗೆ ರೋಗ ತಗುಲದಿದ್ದುದನ್ನು ಕಂಡ ಮಿಲಾರ್ಡೆ ಎಂಬ ವಿದ್ವಾಂಸನು 1885ರಲ್ಲಿ ಇದರ ಗುಣವನ್ನು ಲೋಕಕ್ಕೆ ಸಾರಿದನು. ಅಲ್ಲಿ ಕಳ್ಳರನ್ನು ಓಡಿಸಿದ ಬಣ್ಣವು ಇಲ್ಲಿ ಒಬ್ಬ ಪಂಡಿತನನ್ನು ಹತ್ತಿರಕ್ಕೆ ಕರೆದಿತ್ತು.

“ಹಾಗಾದರೆ ಒಲೆಗೆ ಹಾಕಬಹುದಷ್ಟೆ?” ಎಂದು ಒಳಗಿನಿಂದ ಪ್ರಶ್ನೆ ಬಂದಿತು.

“ಬೇಡಿ ಅಮ್ಮಾ, ತುತ್ತದ ಹೊಗೆ ಒಳ್ಳೇದಲ್ಲ” ಎಂದು ಕೊನೆಗೌಡನೇ ಕೊಂಬೆಯ ಪ್ರಾಣವನ್ನು ಉಳಿಸಿದನು.

ಈಗ ಅದು ನನ್ನ ಉಳಿದ ಸಂಗ್ರಹದೊಡನೆ ಅಟ್ಟದ ಮೇಲಿದೆ. ಈ ಸಲದ ಮಳೆಗೆ ಅಲ್ಲಿನ ಪೆಟ್ಟಿಗೆಗಳಿಗೂ, ಚೀಟಿಗಳಿಗೂ, ತೆರಾನಾದ ಬಗೆಗೆ ನಾನು ಬರೆದ ಪುಟಕ್ಕೂ ಬೂಷ್ಟು ಹಿಡಿದಿದೆ. ಆ ಕೊಂಬೆಗೆ ಮಾತ್ರ ಏನೂ ಹತ್ತಿಲ್ಲ.