ಮಂದ್ರತಂತಿ ಮೀಮಾಂಸೆ

ಯಾವುದೇ ಶಾಸ್ತ್ರವನ್ನು ಆರಂಭಿಸುವ ಮುನ್ನ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದ್ದರಿಂದ, ಪ್ರಸ್ತುತ ಪ್ರಬಂಧವೂ ಅದನ್ನು ಮೀರುವುದಿಲ್ಲ. ಇಲ್ಲಿ ವಿಷಯವೆಂದರೆ ಬೇಸ್ ಗಿಟಾರಿನ ನಾಲ್ಕು ತಂತಿಗಳು. ಅಧಿಕಾರಿಯೆಂದರೆ ತನ್ನ ಮೆಚ್ಚಿನ ರಾಕ್ ವಾದಕನ ನಾದವು ತನ್ನ ವಾದ್ಯದಿಂದಲೂ ಹೊರಡಬೇಕೆಂದು ಹಂಬಲಿಸುವ, ಆ ನಾದವು ದುಡ್ಡು ಕೊಟ್ಟರೆ ಪೊಟ್ಟಣದಲ್ಲಿ ಸಿಗುತ್ತದೆಂದು ದೃಢವಾಗಿ ನಂಬಿರುವ ಜೀವ. ಇವನನ್ನು ಮುಂದೆ ‘ನಾದಾಕಾಂಕ್ಷಿ’ ಎಂದು ಕರೆಯಲಾಗುವುದು. ಸಂಬಂಧವೆಂದರೆ ನಾದಾಕಾಂಕ್ಷಿಗೂ ಅಂಗಡಿಯವನಿಗೂ ನಡುವೆ ತಿಂಗಳ ಮೊದಲ ವಾರದಲ್ಲಿ ಗಾಢವಾಗಿದ್ದು ಕೊನೆಯ ವಾರದಲ್ಲಿ ಸಡಿಲಗೊಳ್ಳುವ ಬಾಂಧವ್ಯ. ಪ್ರಯೋಜನದ ವಿಚಾರದಲ್ಲಿ ನಾದಾಕಾಂಕ್ಷಿಗೂ ಅವನ ಮನೆಯವರಿಗೂ ಮತಭೇದವಿರುವುದರಿಂದ ಅದರ ನಿರ್ಣಯವನ್ನು ಫಲಶ್ರುತಿಗೆ ಬಿಡಲಾಗಿದೆ.

ಮೊದಲು ಲಕ್ಷಣ. ಬೇಸ್ ತಂತಿಯು ನೋಟಕ್ಕೆ ಒಂದಾದರೂ ತತ್ತ್ವತಃ ಎರಡು: ನಡುವೆ ‘ಕೋರ್’ ಎಂಬ ಉಕ್ಕಿನ ಎಳೆ, ಅದರ ಸುತ್ತ ಒತ್ತೊತ್ತಾಗಿ ಸುತ್ತಿದ ಇನ್ನೊಂದು ಲೋಹದ ಹೊದಿಕೆ. ಹೊದಿಕೆಯ ತಂತಿ ದುಂಡಗಿದ್ದರೆ ಅದು ‘ರೌಂಡ್‌ವೌಂಡ್’, ಚಪ್ಪಟೆ ಪಟ್ಟಿಯಾಗಿದ್ದರೆ ‘ಫ್ಲ್ಯಾಟ್‌ವೌಂಡ್’. ಮೊದಲನೆಯದರ ಮೇಲೆ ಉಗುರೆಳೆದರೆ ಗರ್ರೆನ್ನುತ್ತದೆ, ಎರಡನೆಯದು ಸದ್ದಿಲ್ಲದೆ ಜಾರುತ್ತದೆ. 1951ರಲ್ಲಿ ಲಿಯೊ ಫೆಂಡರ್ ಪ್ರಿಸಿಷನ್ ಬೇಸ್ ಅನ್ನು ಹೊರತಂದ ಬಳಿಕ ಬಹುಕಾಲ ಫ್ಲ್ಯಾಟ್‌ವೌಂಡ್‌ಗಳದೇ ರಾಜ್ಯಭಾರವಾಗಿತ್ತು. 1966ರಲ್ಲಿ ‘ದ ಹೂ’ ತಂಡದ ಜಾನ್ ಎಂಟ್‌ವಿಸಲ್, ಪಿಯಾನೊದಂತೆ ಝೇಂಕರಿಸುವ ತಂತಿ ಬೇಕೆಂದು ಹಟಹಿಡಿದು, ತಂತಿ ತಯಾರಿಸುವ ರೋಟೋಸೌಂಡ್ ಸಂಸ್ಥೆಯ ಸ್ಥಾಪಕ ಜೇಮ್ಸ್ ಹೌ ಜೊತೆಗೂಡಿ ರೌಂಡ್‌ವೌಂಡ್ ತಂತಿಗಳನ್ನು ತಿದ್ದಿಸಿಕೊಂಡದ್ದರಿಂದ ರಾಕ್ ಸಂಗೀತದಲ್ಲಿ ಹೊಸ ಯುಗ ಆರಂಭವಾಯಿತು. ಅದಕ್ಕೂ ಹಿಂದೆ, 1965ರ ‘ಮೈ ಜನರೇಷನ್’ ಹಾಡಿನ ಧ್ವನಿಮುದ್ರಣದ ದಿನಗಳಲ್ಲಿ, ಡ್ಯಾನೆಲೆಕ್ಟ್ರೊ ಗಿಟಾರಿನ ತಂತಿ ಹರಿದಾಗ ಬದಲಿ ತಂತಿ ಸಿಗದೆ ಇದೇ ಎಂಟ್‌ವಿಸಲ್ ಹೊಸ ಗಿಟಾರನ್ನೇ ಕೊಂಡನೆಂಬ ವೃತ್ತಾಂತವು, ತಂತಿಗಾಗಿ ವಾದ್ಯವನ್ನು ಕೊಳ್ಳುವುದು ಶಿಷ್ಟಸಮ್ಮತವೇ ಎಂದು ಮನೆಯಲ್ಲಿ ವಾದಿಸಲು ನಾದಾಕಾಂಕ್ಷಿಗೆ ಒದಗಿರುವ ಏಕೈಕ ಆಧಾರ.

ಇನ್ನು ಪ್ರಮಾಣವಿಚಾರ. ಉದಾಹರಣೆಗೆ ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್‌ನನ್ನು ಆರಿಸಿಕೊಳ್ಳಲಾಗಿದೆ. ಆ ತಂಡವು 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿರುವುದರಿಂದ ಈ ದರ್ಶನದ ಅನುಯಾಯಿಗಳು ಕನ್ನಡನಾಡಿನಲ್ಲೂ ವಿರಳರಲ್ಲ. ಹ್ಯಾರಿಸ್ ಬಳಸುವುದು ಫ್ಲ್ಯಾಟ್‌ವೌಂಡ್. ಇಲ್ಲಿ ತಾರ್ಕಿಕರು ಒಡ್ಡುವ ಅನುಮಾನ ಹೀಗಿದೆ: ಯಾವುದು ಫ್ಲ್ಯಾಟ್‌ವೌಂಡೋ ಅದರ ನಾದ ಮಂಕು; ಹ್ಯಾರಿಸ್‌ನ ತಂತಿ ಫ್ಲ್ಯಾಟ್‌ವೌಂಡ್; ಆದ್ದರಿಂದ ಹ್ಯಾರಿಸ್‌ನ ನಾದ ಮಂಕು. ಆದರೆ ಕುದುರೆ ದೌಡಾಯಿಸಿದಂತೆ ಕಟಕಟಿಸುವ ಆ ನಾದವನ್ನು ಒಮ್ಮೆ ಕೇಳಿದವನಿಗೂ ಅದು ಮಂಕಲ್ಲವೆಂಬುದು ಪ್ರತ್ಯಕ್ಷ. ಪ್ರತ್ಯಕ್ಷವು ಅನುಮಾನವನ್ನು ಹೊಡೆದುಹಾಕುವ ಇಂಥ ದೋಷವನ್ನು ನ್ಯಾಯಶಾಸ್ತ್ರದಲ್ಲಿ ‘ಬಾಧಿತ’ ಎನ್ನುತ್ತಾರೆ. ಕಾರಣಗಳು ಎರಡು: ಅವನು ತಂತಿಗಳನ್ನು ಹಳತಾಗಲು ಬಿಡದೆ ಪ್ರದರ್ಶನದಿಂದ ಪ್ರದರ್ಶನಕ್ಕೆ ಬದಲಿಸುವುದು ಮೊದಲನೆಯದು, ಬಲಗೈ ಬೆರಳುಗಳಿಂದ ಅವನು ಬಡಿಯುವ ರಭಸಕ್ಕೆ ತಂತಿಯು ‘ಫ್ರೆಟ್’ ಎಂಬ ಲೋಹದ ಮೆಟ್ಟಿಲುಗಳಿಗೆ ಅಪ್ಪಳಿಸುವುದು ಎರಡನೆಯದು. ನಾದಾಕಾಂಕ್ಷಿಯು ಮೊದಲನೆಯ ಕಾರಣವನ್ನು ಒಡನೆಯೇ ಒಪ್ಪಿಕೊಳ್ಳುತ್ತಾನೆ, ಏಕೆಂದರೆ ಅದು ಅಂಗಡಿಯಲ್ಲಿ ಸಿಗುತ್ತದೆ. ಎರಡನೆಯದನ್ನು ‘ಇನ್ನೂ ವಿಚಾರಾರ್ಹ’ ಎಂದು ಬದಿಗಿಡುತ್ತಾನೆ.

ತಂತಿಯ ಆಯುಷ್ಯದ ಬಗ್ಗೆ ಎರಡು ಪ್ರಬಲ ಮತಗಳಿವೆ. ಮೇಲೆ ಹೇಳಿದ ಹ್ಯಾರಿಸ್‌ನ ಪದ್ಧತಿಯು ನಿತ್ಯನೂತನವಾದ. ಇದರ ಎದುರಾಳಿಯು ಜೀರ್ಣಸಂರಕ್ಷಣವಾದ. ರಾಕ್ ಮತದವನಲ್ಲದಿದ್ದರೂ ಆ ಮತದವರೂ ಗುರುವೆಂದು ಒಪ್ಪುವ, ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ಜೇಮ್ಸ್ ಜೇಮರ್‌ಸನ್ ಇದರ ಮೂಲಪುರುಷ. ಲಾ ಬೆಲ್ಲಾ ಕಂಪನಿಯ ಫ್ಲ್ಯಾಟ್‌ವೌಂಡ್‌ಗಳನ್ನು ಹರಿಯುವವರೆಗೂ ಬದಲಿಸುತ್ತಿರಲಿಲ್ಲವೆಂಬುದು ಅವನ ಕೀರ್ತಿ. ಬೆವರು, ಚರ್ಮದ ಜಿಡ್ಡು ಮತ್ತು ಕೊಳೆ ಹೊದಿಕೆಯ ಸಂದಿಗಳಲ್ಲಿ ಸೇರಿಕೊಂಡು ಮೇಲಿನ ಅನುಸ್ವರಗಳನ್ನು ಅಡಗಿಸುವುದರಿಂದ ಹಳೆಯ ತಂತಿ ಗಂಭೀರವಾಗಿ ಗುಮ್ಮೆನ್ನುತ್ತದೆ. ಈ ಎರಡು ಮತಗಳ ನಡುವೆ ಸಮನ್ವಯ ಸಾಧಿಸಲು ಹೊರಟ ಪುನರ್ಜನ್ಮವಾದಿಗಳು ಸತ್ತ ರೌಂಡ್‌ವೌಂಡ್ ತಂತಿಗಳನ್ನು ಸುರುಳಿ ಸುತ್ತಿ ನೀರಿನಲ್ಲಿ ಕುದಿಸುತ್ತಾರೆ. ಕೊಳೆ ಬಿಡುತ್ತದೆ, ನೀರು ಬೂದುಬಣ್ಣಕ್ಕೆ ತಿರುಗುತ್ತದೆ, ತಂತಿಯೂ ಕೆಲವು ದಿನ ಝೇಂಕರಿಸುತ್ತದೆ. ಅದೇ ಪಾತ್ರೆಯಲ್ಲಿ ಮರುದಿನ ಸಾರು ಮಾಡಬಹುದೇ ಎಂಬ ಪ್ರಶ್ನೆಗೆ ಸ್ಮೃತಿಗಳಲ್ಲಿ ಉತ್ತರವಿಲ್ಲದಿದ್ದರೂ, ಅಡುಗೆಮನೆಯ ಅಧಿಪತ್ಯ ವಹಿಸಿದವರು ನೀಡುವ ಉತ್ತರದಲ್ಲಿ ಸಂದಿಗ್ಧತೆಯೇನೂ ಇರುವುದಿಲ್ಲ.

ಗೇಜ್ ಎಂದರೆ ತಂತಿಯ ದಪ್ಪ. ಅದನ್ನು ಅಂಗುಲದ ಸಾವಿರದ ಭಾಗಗಳಲ್ಲಿ ಅಳೆಯುತ್ತಾರೆ. ಸಾಮಾನ್ಯ ಸೆಟ್ಟು 45ರಿಂದ 105. ಹ್ಯಾರಿಸ್ ಹೆಸರಿನ ಸೆಟ್ಟು 50ರಿಂದ 110. 17ನೆಯ ಶತಮಾನದಲ್ಲಿ ಫ್ರಾನ್ಸಿನ ಮೆರ್ಸೆನ್ ಎಂಬ ಪಾದ್ರಿ ಕಂಡುಕೊಂಡ ನಿಯಮದಂತೆ, ಉದ್ದವೂ ಶ್ರುತಿಯೂ ಬದಲಾಗದಿದ್ದರೆ ತಂತಿಯ ತೂಕ ಹೆಚ್ಚಿದಷ್ಟೂ ಬಿಗಿತ ಹೆಚ್ಚಬೇಕು. ಹಾಗಾಗಿ 34 ಅಂಗುಲದ ಗಿಟಾರಿನಲ್ಲಿ, ಸೆಕೆಂಡಿಗೆ ಸುಮಾರು 41 ಸಲ ಕಂಪಿಸುವ ಅತಿ ದಪ್ಪನೆಯ ತಂತಿಯನ್ನು 105ರಿಂದ 110ಕ್ಕೆ ಏರಿಸಿದರೆ, ರಚನೆ ಒಂದೇ ಬಗೆಯದಾಗಿದ್ದಲ್ಲಿ, ಬಿಗಿತವು ಸುಮಾರು ಶೇ. 10ರಷ್ಟು ಏರುತ್ತದೆ. ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು ಲೋಹವನ್ನು ಹೆಚ್ಚಿಸಿಕೊಂಡು ನಾದಾಕಾಂಕ್ಷಿಯು ಸಂಪಾದಿಸುವ ಮೊದಲ ಫಲವು ನಾದವಲ್ಲ, ಬೆರಳಿನ ಬೊಬ್ಬೆ.

ಈಗ ಸಿದ್ಧಾಂತ. ಕಾರಣವನ್ನು ನಿರ್ಣಯಿಸಲು ಅನ್ವಯ ಮತ್ತು ವ್ಯತಿರೇಕ, ಅಂದರೆ ಇದ್ದಾಗ ಇರುವುದು ಮತ್ತು ಇಲ್ಲದಾಗ ಇಲ್ಲದಿರುವುದು, ಎಂಬ ಎರಡು ಪರೀಕ್ಷೆಗಳಿವೆ. ಹ್ಯಾರಿಸ್‌ನ ಸೆಟ್ಟಿದ್ದರೂ ನಾದಾಕಾಂಕ್ಷಿಯ ಕೋಣೆಯಲ್ಲಿ ಹ್ಯಾರಿಸ್‌ನ ನಾದವಿಲ್ಲ. ಹೊಚ್ಚಹೊಸ ಫ್ಲ್ಯಾಟ್‌ವೌಂಡಿನಿಂದಲೂ ಹರಿಯಲು ಸಿದ್ಧವಾದ ಫ್ಲ್ಯಾಟ್‌ವೌಂಡಿನಿಂದಲೂ ಲೋಕವೇ ಗುರುತಿಸುವ ನಾದಗಳು ಹುಟ್ಟಿವೆ, ಅದರಲ್ಲೂ ಜೇಮರ್‌ಸನ್ ತಂತಿ ಮೀಟುತ್ತಿದ್ದುದು ಬಲಗೈಯ ತೋರುಬೆರಳೊಂದರಿಂದಲೇ. ಆದ್ದರಿಂದ ತಂತಿಯು ಸಹಕಾರಿ ಕಾರಣವೆಂದೂ ಬೆರಳೇ ಮುಖ್ಯ ಕಾರಣವೆಂದೂ ಸಿದ್ಧವಾಗುತ್ತದೆ. ಬೆರಳು ಪೊಟ್ಟಣದಲ್ಲಿ ಮಾರಾಟಕ್ಕಿಲ್ಲವಾದ್ದರಿಂದ ಅದು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲವೆಂಬುದು ನಾದಾಕಾಂಕ್ಷಿಗಳ ಏಕಾಭಿಪ್ರಾಯ.

ಫಲಶ್ರುತಿ: ಈ ಪ್ರಬಂಧವನ್ನು ತಂತಿ ಕೊಳ್ಳುವ ಮೊದಲು ಓದಿದವನಿಗೆ ಒಂದು ಸೆಟ್ಟಿನ ದುಡ್ಡು ಉಳಿಯುತ್ತದೆ, ಕೊಂಡ ಮೇಲೆ ಓದಿದವನಿಗೆ ಮುಂದಿನ ಸೆಟ್ಟು ಯಾವುದೆಂಬ ಜಿಜ್ಞಾಸೆ ಹುಟ್ಟುತ್ತದೆ. ಗೋಡೆಗೆ ತೂಗುಹಾಕಿದ ಗಿಟಾರನ್ನು ಇಳಿಸಿ, ಇರುವ ತಂತಿಯಲ್ಲೇ, ಮೆಟ್ರೊನೋಮಿನ ಟಿಕ್‌ಟಿಕ್‌ಗೆ ಸರಿಯಾಗಿ ದಿನಕ್ಕೊಂದು ಗಂಟೆ ನುಡಿಸುವವನು ಇದನ್ನು ಓದಬೇಕಾಗಿಯೇ ಇಲ್ಲ.