ಬ್ಯಾಸಗಿ ಗುಡ್ಡ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಮೇ ತಿಂಗಳಲ್ಲಿ ಗೋವಾಕ್ಕೂ ಹೋಗದೆ, ದಾಂಡೇಲಿಗೂ ಹೋಗದೆ, ಬಾದಾಮಿಯ ಕೆಂಪು ಗುಡ್ಡದಲ್ಲಿ ಒಂದು ದಿನ ನಡೆದು ಬರುತ್ತೇನೆಂದು ಹೊರಟ ಹುಬ್ಬಳ್ಳಿ-ಧಾರವಾಡದ ಅಪರೂಪದ ಮಂದಿಯಲ್ಲಿ ನೀವೂ ಒಬ್ಬರು. ಮನೆಯಲ್ಲಿ "ತಲಿ ಗಿಲಿ ಕೆಟ್ಟೈತೇನ?" ಎಂದು ಕೇಳಿದರೆ ಗಾಬರಿ ಬೇಡ, ಅದು ದೋಷವಲ್ಲ, ಉತ್ಪನ್ನ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದರ ಸೂಚನೆ. ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ನೆರಳಿನಲ್ಲಿ ಕೂತು ಓದಿ.

ಉತ್ಪನ್ನದ ಪರಿಚಯ

ಗುಡ್ಡ, ಒಂದು. ಮರಳುಗಲ್ಲಿನದು. ಕೋಟಿಗಟ್ಟಲೆ ವರ್ಷ ಹಳೆಯದಾದ್ದರಿಂದ ಬದಲಿಸಿ ಕೊಡಲಾಗುವುದಿಲ್ಲ. ಹಿಂದಿನ ಬಳಕೆದಾರರು ಚಾಲುಕ್ಯರು. 543ರಲ್ಲಿ ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿ, ಆ ಸಂಗತಿಯನ್ನು ಬಂಡೆಯ ಮೇಲೇ ಕೊರೆಸಿದ. ಮುಂದೆ ಪಲ್ಲವ ನರಸಿಂಹವರ್ಮ ಬಂದು ಊರು ಗೆದ್ದು ತನ್ನದೂ ಒಂದು ಶಾಸನ ಬರೆಸಿಟ್ಟು ಹೋದ. ರಾಜ್ಯ ಗೆಲ್ಲದವರು ಏನನ್ನೂ ಬರೆಯತಕ್ಕದ್ದಲ್ಲ. ಬಾಣ ಚುಚ್ಚಿದ ಹೃದಯದೊಳಗೆ ಇಬ್ಬರ ಹೆಸರು ಬರೆಯುವ ಆಸೆಯಿದ್ದವರು ಲಗ್ನಪತ್ರಿಕೆಯವರೆಗೆ ತಡೆದುಕೊಳ್ಳಬೇಕು.

ಧಾರವಾಡದವರಿಗೆ ವಿಶೇಷ ಸೂಚನೆ. ನಿಮ್ಮ ಊರು ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಸಂಜೆಯಾದರೆ ಪಡುವಣ ಗಾಳಿ ಬೀಸುತ್ತದೆ. ಆ ಗಾಳಿಯಲ್ಲಿ ಕೂತು "ಭಾಳ ಝಳ ಆತ್ರೀ ಈ ವರ್ಷ" ಎನ್ನುವುದನ್ನೇ ನೀವು ಬೇಸಿಗೆಯೆಂದು ತಿಳಿದಿದ್ದೀರಿ. ಬಾದಾಮಿ ನಿಮಗಿಂತ ತಗ್ಗಿನ ಊರು. ಸಹ್ಯಾದ್ರಿ ಮಳೆಯನ್ನೆಲ್ಲ ತಾನೇ ಹಿಡಿದಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಕೊಡುತ್ತದೆ. ಪಾರಾ 40 ಡಿಗ್ರಿ ಮುಟ್ಟಿದ ದಿನ ಬಂಡೆಯ ಮೈ ಅದಕ್ಕೂ ಮೇಲೆ ಕಾದಿರುತ್ತದೆ. ಕೂರುವ ಮೊದಲು ಅಂಗೈ ಊರಿ ನೋಡಿ. ಇನ್ನು ಮೇ ಮೊದಲ ವಾರದಲ್ಲಿ ಸೂರ್ಯ ಮಧ್ಯಾಹ್ನ ನೆಟ್ಟಗೆ ನೆತ್ತಿಯ ಮೇಲೆ ಬಂದು ನಿಲ್ಲುತ್ತಾನೆ. ನಿಮ್ಮ ನೆರಳು ನಿಮ್ಮ ಚಪ್ಪಲಿಯ ಅಡಿಗೆ ಹೋಗಿ ಅಡಗುತ್ತದೆ. ಪಕ್ಕದ ಬಂಡೆ ಎಷ್ಟೇ ಎತ್ತರವಿರಲಿ, ನಿಮಗೆ ಒಂದು ಗೇಣು ನೆರಳೂ ಕೊಡುವುದಿಲ್ಲ.

ಪೂರ್ವಸಿದ್ಧತೆ

ಅಭ್ಯಾಸಕ್ಕೆ ನೃಪತುಂಗ ಬೆಟ್ಟ ಹತ್ತಬಹುದು. ಕೆಳಗಿಳಿದ ಕೂಡಲೆ ಗಿರಮಿಟ್-ಮಿರ್ಚಿ ತಿನ್ನದಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಇದಕ್ಕಿಂತ ಉತ್ತಮ ವ್ಯವಸ್ಥೆಯನ್ನು ರೈಲ್ವೆಯವರು 2023ರಲ್ಲಿ ಒದಗಿಸಿದ್ದಾರೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದವಿದ್ದು, ಜಗತ್ತಿನಲ್ಲೇ ಅತಿ ಉದ್ದದ್ದೆಂದು ಹೆಸರಾಗಿದೆ. ಒಮ್ಮೆ ಹೋಗಿ ಬಂದರೆ ಮೂರು ಕಿಲೋಮೀಟರ್. ಎರಡು ಸೂಟ್‌ಕೇಸು, ಒಂದು ಹಾಸಿಗೆ ಸುರುಳಿ, ತವರಿನಿಂದ ತಂದ ಉಪ್ಪಿನಕಾಯಿ ಭರಣಿ ಹೊತ್ತು, ಬೋಗಿ ಆ ತುದಿಗೆ ನಿಂತಿದೆ ಎಂದು ಗೊತ್ತಾದ ಮೇಲೆ ಓಡಿ ಹತ್ತಿದವರಿಗೆ ಬಾದಾಮಿಯ ಗುಡ್ಡ ಯಾವ ಲೆಕ್ಕವೂ ಅಲ್ಲ.

ಬುತ್ತಿಗಂಟಿನಲ್ಲಿ ಇರಬೇಕಾದವು

ನೀರು, ತಲೆಗೆ ನಾಲ್ಕು ಲೀಟರ್. ಈ ಬಿಸಿಲಲ್ಲಿ ಗುಡ್ಡ ಹತ್ತುವವನ ಮೈಯಿಂದ ತಾಸಿಗೆ ಲೀಟರಿನಷ್ಟು ಬೆವರು ಹೋಗಬಲ್ಲದು. ಬರೀ ನೀರು ಕುಡಿಯುತ್ತಲೇ ಹೋದರೆ ಉಪ್ಪು ಕಡಿಮೆಯಾಗಿ ಬೇರೆ ತಾಪತ್ರಯ. ಒಂದು ಲೀಟರಿಗೆ ಆರು ಸಪಾಟು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿದ ಒಂದು ಬಾಟಲಿ ಪ್ರತ್ಯೇಕವಾಗಿರಲಿ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಎಂಥ ಬಿಸಿಲಿಗೂ ಕೆಡುವುದಿಲ್ಲ. ಮೊಸರನ್ನ ಒಯ್ದವರು ಹತ್ತು ಗಂಟೆಯೊಳಗೆ ಉಂಡು ಮುಗಿಸಬೇಕು. ಉಳ್ಳಾಗಡ್ಡಿ ಜೇಬಿನಲ್ಲಿಟ್ಟರೆ ಬಿಸಿಲು ಬಡಿಯುವುದಿಲ್ಲ ಎಂದು ಅತ್ತೆಯವರು ಒಂದನ್ನು ಕೊಟ್ಟೇ ಕೊಡುತ್ತಾರೆ. ಬೇಡ ಎನ್ನಬೇಡಿ. ಜೇಬಿನಲ್ಲಿದ್ದಾಗ ಅದು ಏನೂ ಮಾಡುವುದಿಲ್ಲ. ರೊಟ್ಟಿಯ ಜೊತೆ ಗುದ್ದಿ ತಿಂದಾಗ ಅದರ ಮಹಿಮೆ ತಿಳಿಯುತ್ತದೆ. ತಲೆಗೆ ಬಿಳಿ ಟಾವೆಲು. ಟೋಪಿಗಿಂತ ಇದು ಮೇಲು: ತೋಯಿಸಿ ಸುತ್ತಬಹುದು, ಹಾಸಬಹುದು, ಬೀಸಬಹುದು, ಮಂಗ ಬಂದರೆ ಝಾಡಿಸಬಹುದು.

ನಡೆಯುವ ವಿಧಾನ

ಬೆಳಗಿನ ಆರಕ್ಕೆ ಶುರು ಮಾಡಿ. ಒಂಬತ್ತೂವರೆಗೆ ನಿಲ್ಲಿಸಿ.

ಇಷ್ಟೇ. ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಹಾದು ಬಾದಾಮಿಗೆ ನೂರು ಕಿಲೋಮೀಟರಿಗೆ ಮೇಲಾಗುತ್ತದೆ. "ಬೆಳಿಗ್ಗೆ ಲಗೂನ ಬಿಡೋಣು" ಎಂದುಕೊಂಡವರು ಎಂಟೂವರೆಗೆ ನರಗುಂದದಲ್ಲಿ ಇಡ್ಲಿ-ವಡಾ ತಿನ್ನುತ್ತಿರುತ್ತಾರೆ. ಆದ್ದರಿಂದ ಹಿಂದಿನ ದಿನವೇ ಹೋಗಿ ಮಲಗಿ. ಬಾದಾಮಿಯಿಂದ ಗುಡ್ಡದ ಮೇಲಿನ ಹಾದಿಯಲ್ಲಿ ಸಿಡಿಲಪಡಿಯ ಕಲ್ಲಾಸರೆಗೆ ಹೋಗಬಹುದು, ಅಥವಾ ಗುಡ್ಡ ದಾಟಿ ಮಹಾಕೂಟಕ್ಕೆ ಇಳಿಯಬಹುದು. ಕಲ್ಲು ಗಟ್ಟಿಯೇ, ಮೋಸ ಮಾಡುವುದು ಅದರ ಮೇಲೆ ಉದುರಿದ ಸಣ್ಣ ಉಸುಕು. ಇಳಿಜಾರಿನಲ್ಲಿ ಹವಾಯಿ ಚಪ್ಪಲಿ ನಿಮಗಿಂತ ಮೊದಲು ಊರು ಮುಟ್ಟುತ್ತದೆ.

ಮಹಾಕೂಟದ ಹಾದಿಯಲ್ಲಿ ಕುರಿ ಕಾಯುವ ಅಜ್ಜ ಸಿಗಬಹುದು. ಸಂಭಾಷಣೆ ಹೀಗಿರುತ್ತದೆ:

"ಎಲ್ಲಿಗ್ ಹೊಂಟೀರ್ರಿ ಸಾಹೇಬ್ರ?"

"ಟ್ರೆಕ್ಕಿಂಗ್, ಅಜ್ಜಾ."

"ಹಂಗಂದ್ರ?"

"ಸುಮ್ನ ಗುಡ್ಡದಾಗ ನಡ್ಯೂದು."

ಅಜ್ಜ ನಿಮ್ಮ ಹಿಂದೆ ಒಮ್ಮೆ, ಮುಂದೆ ಒಮ್ಮೆ ನೋಡುತ್ತಾನೆ. "ಮತ್ತ ನಿಮ್ಮ ಕುರಿ ಎಲ್ಲಿ ಅದಾವ್ರಿ?"

ಉತ್ತರ ಕೊಡಲು ಹೋಗಬೇಡಿ. ಆತನ ಕುರಿಗಳನ್ನು ನೋಡಿ. ಬಿಸಿಲು ಏರಿದ ಹಾಗೆ ಅವು ಮೇಯುವುದು ಬಿಟ್ಟು ಒತ್ತೊತ್ತಾಗಿ ನಿಲ್ಲುತ್ತವೆ. ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸುತ್ತದೆ. ಬಯಲಿನಲ್ಲಿ ಒಂದು ಗಿಡವೂ ಇಲ್ಲದಿದ್ದರೆ ತಾವೇ ಒಂದಕ್ಕೊಂದು ನೆರಳಾಗುತ್ತವೆ. ಅಜ್ಜ ಕೋಲು ಊರಿ, ಕಂಬಳಿ ಹಾಸಿ ಕೂರುವ ಹೊತ್ತಿಗೆ ಮೈತುಂಬ ಹೊಸ ಸಾಮಾನು ತೊಟ್ಟ ನಾವು "ಇನ್ನೊಂದ್ ಗುಡ್ಡಾ ಹತ್ತೋಣ್ರಿ" ಎನ್ನುತ್ತೇವೆ.

ಕೂರುವ ವಿಧಾನ

ಬ್ಯಾಸಗಿ ಗುಡ್ಡದ ನಡಿಗೆಯೆಂದರೆ ಮುಖ್ಯವಾಗಿ ಕೂರುವುದು. ಹತ್ತರಿಂದ ನಾಲ್ಕರವರೆಗೆ, ಆರು ತಾಸು. ಬೆಂಗಳೂರಿನವರಿಗೆ ಇದನ್ನು ಕಲಿಸಬೇಕಾಗುತ್ತದೆ. ಕಟ್ಟೆಯ ಮೇಲೆ ಬೆಳೆದ ಹುಬ್ಬಳ್ಳಿ-ಧಾರವಾಡದವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ.

ಈ ಕಲೆಯಲ್ಲಿ ಪರಂಪರೆಯೂ ಇದೆ. ಸಿಡಿಲಪಡಿಯ ಕಲ್ಲಾಸರೆಯಲ್ಲಿ ಇತಿಹಾಸ ಶುರುವಾಗುವ ಮೊದಲಿನ ಜನ ಕೆಂಪು ಬಣ್ಣದಿಂದ ಚಿತ್ರ ಬರೆದಿದ್ದಾರೆ. ಅವನ್ನು ಬರೆದದ್ದು ಮೇ ತಿಂಗಳ ಮಧ್ಯಾಹ್ನವೇ ಎಂದು ನನ್ನ ಬಲವಾದ ನಂಬಿಕೆ. ಹೊರಗೆ ಕಾಲಿಡುವ ಹಾಗಿಲ್ಲ, ಬೇಟೆಯೂ ಎಲ್ಲೋ ನೆರಳಿನಲ್ಲಿ ಮಲಗಿದೆ, ಇನ್ನೇನು ಮಾಡುತ್ತಾರೆ? ಚಾಲುಕ್ಯರು ಇನ್ನೂ ಮುಂದೆ ಹೋಗಿ ಗುಡ್ಡದೊಳಗೇ ನೆರಳು ಕೊರೆಸಿದರು. 578ರಲ್ಲಿ ಮಂಗಲೇಶ ಮಾಡಿಸಿದ ಮೂರನೆಯ ಗುಹೆಯ ಪಡಸಾಲೆಗೆ ಹೋಗಿ. ಸಾಮಾನ್ಯವಾಗಿ ಶೇಷನ ಮೇಲೆ ಮಲಗಿರುವ ವಿಷ್ಣು ಇಲ್ಲಿ ಅವನ ಸುರುಳಿಯ ಮೇಲೆ ಆರಾಮಾಗಿ ಕೂತಿದ್ದಾನೆ. ಅದೇ ಪಡಸಾಲೆಯ ಇನ್ನೊಂದು ಕಡೆ ತ್ರಿವಿಕ್ರಮ ಕಾಲನ್ನು ಎದೆಮಟ್ಟಕ್ಕೂ ಮೇಲೆತ್ತಿ ಲೋಕ ಅಳೆಯುತ್ತಿದ್ದಾನೆ. ಇಬ್ಬರೂ ಒಬ್ಬನೇ. ಹನ್ನೊಂದು ಗಂಟೆಯ ಬಿಸಿಲಿಗೆ ಯಾವ ಅವತಾರ ಒಳ್ಳೆಯದೆಂದು ನೀವೇ ತೀರ್ಮಾನಿಸಿ.

ಕೂತ ಮೇಲೆ ಗೋಡೆಗೆ ಬೆನ್ನು ಕೊಡುವುದು ನಿಷಿದ್ಧ; ಅದು ಶಿಲ್ಪ. ಮಾತಿಗೆ ಯೋಗ್ಯ ವಿಷಯಗಳು: ಹುಬ್ಬಳ್ಳಿಯಲ್ಲಿ ಸೆಖೆ ಹೆಚ್ಚೋ ಧಾರವಾಡದಲ್ಲೋ, ಯಾರ ಓಣಿಗೆ ಎಷ್ಟು ದಿನಕ್ಕೊಮ್ಮೆ ನಳದ ನೀರು ಬರುತ್ತದೆ. ಎರಡನೆಯದೊಂದೇ ಮೂರು ತಾಸು ನಡೆಯುತ್ತದೆ. ಮಹಾಕೂಟಕ್ಕೆ ಇಳಿದವರಿಗೆ ಬುಗ್ಗೆಯ ನೀರಿನ ಪುಷ್ಕರಣಿ ಇದೆ. ಊರ ಹುಡುಗರು ಮೇಲಿನಿಂದ ಜಿಗಿಯುವುದನ್ನು ನೋಡುತ್ತ ಮೆಟ್ಟಿಲ ಮೇಲೆ ಕೂತರೆ ಮೊಬೈಲು ನೆನಪಾಗುವುದಿಲ್ಲ.

ತೊಂದರೆ ಮತ್ತು ಪರಿಹಾರ

ಮಂಗ ಕೈಚೀಲ ಕಸಿದುಕೊಂಡಿತು: ಕೊಟ್ಟುಬಿಡಿ. ಪ್ಲಾಸ್ಟಿಕ್ ಚೀಲದ ಸರಬರ ಸದ್ದು ಕೇಳಿದರೆ ಅದಕ್ಕೆ ಊಟದ ಗಂಟೆ ಹೊಡೆದ ಹಾಗೆ.

ಜೊತೆಗಾರ ಮಾತು ನಿಲ್ಲಿಸಿದ: ಇದೊಂದನ್ನು ತಮಾಷೆಯಾಗಿ ತೆಗೆದುಕೊಳ್ಳಬೇಡಿ. ಧಾರವಾಡದವ ಸುಮ್ಮನಾದ ಎಂದರೇ ಏನೋ ಕೆಟ್ಟಿದೆ. ಮಾತು ತಡವರಿಸಿದರೆ, ಎಲ್ಲಿದ್ದೇನೆಂದು ತಿಳಿಯದಂತಾದರೆ, ಮೈ ಸುಡುತ್ತಿದ್ದರೆ ಅದು ಬಿಸಿಲಿನ ಹೊಡೆತ. ಮೈಯೊಳಗಿನ ಶಾಖ 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತಿರಲೇಬೇಕೆಂದಿಲ್ಲ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಇದ್ದಬದ್ದ ನೀರನ್ನೆಲ್ಲ ಮೈಮೇಲೆ ಸುರಿದು ಬೀಸಿ, 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಉಳ್ಳಾಗಡ್ಡಿಯನ್ನೂ ಹುಡುಕಬೇಡಿ.

ನಾಲ್ಕಕ್ಕೆ ಮೋಡ ಕವಿಯಿತು: ಅಡ್ಡಮಳೆ. ಮೊದಲು ಧೂಳು, ಆಮೇಲೆ ಸಿಡಿಲು. ನೆತ್ತಿಯ ಬಯಲಲ್ಲೂ ಒಂಟಿ ಮರದ ಕೆಳಗೂ ನಿಲ್ಲದೆ ಇಳಿದುಬಿಡಿ. ಇಳಿದವರು ಬನಶಂಕರಿಗೆ ಹೋದರೆ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರು "ಬಾ ಯಣ್ಣಾ, ರೊಟ್ಟಿ ಉಣ್ಣ ಬಾ" ಎಂದು ಕರೆಯುತ್ತಾರೆ. ಖಡಕ್ ರೊಟ್ಟಿ, ಝುಣಕ, ಕೆಂಪು ಖಾರ, ಪುಟ್ಟ ಗಡಿಗೆಯ ಮೊಸರು. ಇಲ್ಲಿ ಕೈಪಿಡಿಯ ಅಗತ್ಯವಿಲ್ಲ.

ಇತರ ಮಾದರಿ

ಗದಗಿನ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಕತ್ತೆಕಿರುಬ, ತೋಳಗಳ ಮನೆ ಅದು. ಅರಣ್ಯ ಇಲಾಖೆಯನ್ನು ಕೇಳದೆ ಒಳಗೆ ಹೋಗುವ ಹಾಗಿಲ್ಲ. ಬೇಸಿಗೆಯಲ್ಲಿ ಅಲ್ಲಿನ ಹುಲ್ಲು ಒಂದು ಬೀಡಿಯ ಕಿಡಿಗೆ ಕಾದು ಕೂತಿರುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಈ ಮಾದರಿಯನ್ನು ಮಾರಲಾಗುವುದಿಲ್ಲ.

ಖಾತರಿ

ಜೂನ್ ಎರಡನೆಯ ವಾರ ಮಿರಗದ ಮಳೆ ಕೂಡುವವರೆಗೆ ಮಾತ್ರ. ಮಳೆ ಜೋರಾಗಿ ಹಿಡಿದ ಮೇಲೆ ಬಾದಾಮಿಯ ಅಗಸ್ತ್ಯತೀರ್ಥದ ಬಂಡೆಯ ಮೇಲಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ, ಗಂಡ-ಹೆಂಡತಿ-ಮಕ್ಕಳು ಕಾರು ತುಂಬಿಕೊಂಡು ಹುಬ್ಬಳ್ಳಿಯಿಂದ ಬರುತ್ತಾರೆ, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಆ ಜನರಿಗೆ ಬೇಕಾದದ್ದು "ಜಾರಿ ಬೀಳುವ ವಿಧಾನ" ಎಂಬ ಎರಡನೆಯ ಕೈಪಿಡಿ. ಅದು ಅಚ್ಚಿನಲ್ಲಿದೆ.